ಹುಳುಕಡ್ಡಿ ಜಾತಿಯದ್ದೇ ಎಂದಿದ್ದೆ

ರೋಗಿಗೆ ಅರ್ಥವಾಗುವ ಹಾಗೆ ಹೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗಿತ್ತು. ಗುಬ್ಬಿ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ವಾರಕ್ಕೆ ನಾಲ್ಕು ದಿನ ಕೂರುವ ಹೆಂಗಸರ ಡಾಕ್ಟರು ನಾನು. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಗರ್ಭಕೋಶವೆಂದರೆ ಬೋರಲು ಹಾಕಿದ ತಂಬಿಗೆ, ರಕ್ತ ಕಡಿಮೆಯೆಂದರೆ ನೀರು ಬೆರೆಸಿದ ಹಾಲು ಎಂದೆಲ್ಲ ನಾನು ಹೇಳುತ್ತಿದ್ದರೆ ಹೊರಗಿನ ಬೆಂಚಿನ ಮೇಲೆ ಕೂತವರೂ ತಲೆಯಾಡಿಸುತ್ತಿದ್ದರು. ನಮ್ಮ ಸಿಸ್ಟರ್ ಕೂಡ, "ನಮ್ ಮೇಡಂ ಹೇಳಿದ್ರೆ ಹಸುಗೂಸಿಗೂ ಅರ್ಥ ಆಗುತ್ತೆ" ಎಂದು ನನ್ನೆದುರಿಗೇ ಹೊಗಳುವರು. ನಾನು ಬೇಡವೆನ್ನುತ್ತಿರಲಿಲ್ಲ.

ಆ ಹೆಂಗಸು ಮೊದಲ ಸಲ ಬಂದದ್ದು ಬೇಸಿಗೆಯ ಆರಂಭದಲ್ಲಿ. ಮೂವತ್ತೆರಡು ವರ್ಷ. ತವರು ಕುಣಿಗಲ್ ತಾಲ್ಲೂಕಿನ ಅಮೃತೂರು, ಕೊಟ್ಟದ್ದು ಗುಬ್ಬಿಗೆ. ಗಂಡ ಲಗೇಜ್ ಆಟೋ ಓಡಿಸುತ್ತಾನೆ. ಇವಳು ಬೀದಿಯ ಇನ್ನೂ ನಾಲ್ಕು ಹೆಂಗಸರ ಜೊತೆ ಕೂತು ಸೀರೆಗೆ ಕುಚ್ಚು ಕಟ್ಟುತ್ತಾಳೆ. ಬಾಗಿಲು ಹಾಕಿದ್ದರೂ ದನಿ ತಗ್ಗಿಸಿಯೇ ಹೇಳಿದಳು.

"ಕೆಳಗಡೆ ನವೆ ಮೇಡಂ. ತಡ್ಕಳಕ್ಕಾಗ್ತಿಲ್ಲ. ಮೊಸ್ರು ಒಡ್ದಂಗೆ ಬಿಳಿ ಹೋಗ್ತೈತೆ."

ಪರೀಕ್ಷೆ ಮಾಡಿದೆ. ಕೆಂಪಾಗಿ ಊದಿತ್ತು, ಒಳಗೋಡೆಗೆ ಅಂಟಿದ ಗಟ್ಟಿ ಬಿಳಿ ಸ್ರಾವ. ವಾಸನೆಯಿರಲಿಲ್ಲ. ಪಿಎಚ್ ಕಾಗದದ ಬಣ್ಣ ಮಾಮೂಲಿನಂತೆಯೇ ಇತ್ತು, ಅಂದರೆ ಬೇರೆ ಸೋಂಕುಗಳ ಸಂಭವ ಕಡಿಮೆ. ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ತೆಗೆದು ಗಾಜಿನ ಮೇಲೆ ಸವರಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಳೆಗಳು, ಎಳೆಗಳಿಗೆ ಅಂಟಿದ ಮೊಗ್ಗುಗಳು. ಯೀಸ್ಟ್ ಸೋಂಕು ಎಂಬುದಕ್ಕೆ ಇನ್ನೇನೂ ಬೇಡ. ಖುಷಿಯಲ್ಲಿ ಅವಳನ್ನೂ ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, "ಕುಚ್ಚಿನ ದಾರಕ್ಕೆ ಮಣಿ ಪೋಣ್ಸಿದಂಗೈತೆ" ಎಂದಳು. ಆಮೇಲೆ ಮುಖ ಸಣ್ಣದಾಯಿತು.

"ಇದು ಕೆಟ್ ಕಾಯ್ಲೆನಾ ಮೇಡಂ? ನಮ್ಮನೆಯೋರು ಅಂಥೋರಲ್ಲ."

ಈ ಪ್ರಶ್ನೆ ವಾರಕ್ಕೆ ಹತ್ತು ಸಲ ಬರುತ್ತದೆ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿತ್ತು. "ಕೆಟ್ಟದ್ದೂ ಅಲ್ಲ, ಏನೂ ಅಲ್ಲ ಕಣಮ್ಮ. ಗಂಡನಿಂದ ಬಂದದ್ದೂ ಅಲ್ಲ. ಇದು ಫಂಗಸ್ಸು. ಮೈಮೇಲೆ ಹುಳುಕಡ್ಡಿ ಬರಲ್ವಾ, ಅದೇ ಜಾತಿಯದ್ದು. ಜಾಗ ಬೇರೆ ಅಷ್ಟೇ." ಅವಳ ಮುಖ ಅರಳಿತು. ಹುಳುಕಡ್ಡಿ ಯಾರಿಗೆ ಬರುವುದಿಲ್ಲ? ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ನನ್ನ ಮಾತು ನನಗೇ ಹಿತವೆನಿಸಿತು.

ಒಳಗಿಡುವ ಮಾತ್ರೆ ಆರು ರಾತ್ರಿಗೆ ಬರೆದೆ. ಒಳಬಟ್ಟೆಗಳನ್ನು ಎಲ್ಲಿ ಒಣಗಿಸುತ್ತೀಯ ಎಂದು ಕೇಳಿದೆ. ಬಚ್ಚಲ ಹಿಂದೆ, ಹಳೇ ಸೀರೆಯ ಕೆಳಗೆ, ಯಾರ ಕಣ್ಣಿಗೂ ಬೀಳದಂತೆ. ನಮ್ಮ ಕಡೆ ಎಲ್ಲರೂ ಹೀಗೆಯೇ. ಆ ಬಟ್ಟೆ ಜನ್ಮದಲ್ಲಿ ಬಿಸಿಲು ಕಾಣುವುದಿಲ್ಲ, ಸದಾ ಅರೆ ಒದ್ದೆ. ಬಿಸಿಲಿಗೆ ಹಾಕು ಎಂದೆ. ಎದ್ದು ಹೋಗುವ ಮೊದಲು ಅವಳು ಸಿಸ್ಟರ್ ಹತ್ತಿರ ಕುಡಿಯಲು ನೀರು ಕೇಳಿದಳು, ಎರಡು ಲೋಟ ಕುಡಿದಳು. "ಕುಚ್ಚು ಕಟ್ಟಿ ಕಟ್ಟಿ ನೀನೇ ದಾರ ಆಗಿದ್ದೀಯಲ್ಲಮ್ಮ" ಎಂದು ನಾನು ತಮಾಷೆ ಮಾಡಿದೆ. ಅವಳು ನಕ್ಕಳು. ಆ ತಮಾಷೆ ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಐದು ವಾರಕ್ಕೆ ಮತ್ತೆ ಬಂದಳು. ಅದೇ ನವೆ, ಅದೇ ಬಿಳಿ. ಮಾತ್ರೆ ಪೂರ್ತಿ ಇಟ್ಟುಕೊಂಡೆಯಾ ಎಂದು ಗದರಿದಾಗ ನಿಜ ಹೊರಬಿತ್ತು. ಮೂರು ರಾತ್ರಿಗೇ ನವೆ ನಿಂತಿತ್ತು, ಉಳಿದ ಮೂರನ್ನು ಮುಂದಕ್ಕಾದೀತೆಂದು ಅಕ್ಕಿ ಡಬ್ಬದಲ್ಲಿ ಎತ್ತಿಟ್ಟಿದ್ದಳು. ಸರಿ, ಕಾರಣ ಸಿಕ್ಕಿತು ಎಂದುಕೊಂಡೆ. ಕಾರಣ ಸಿಕ್ಕಿತು ಎಂದುಕೊಂಡ ಡಾಕ್ಟರು ಮುಂದಕ್ಕೆ ಹುಡುಕುವುದಿಲ್ಲ. ಮತ್ತೆ ಬಂದಿದೆಯಲ್ಲ, ಸಕ್ಕರೆ ನೋಡಬೇಕು ಎಂಬುದು ಗೊತ್ತಿಲ್ಲದವಳೇನಲ್ಲ ನಾನು. ರಕ್ತದಲ್ಲಿ ಸಕ್ಕರೆ ಏರಿದರೆ ಈ ಫಂಗಸ್ಸಿಗೆ ಹಬ್ಬ. ಚೀಟಿಯ ಕೊನೆಯಲ್ಲಿ ಖಾಲಿಹೊಟ್ಟೆಯ ಸಕ್ಕರೆ ಪರೀಕ್ಷೆ ಎಂದು ಬರೆದೆ. ಅವಳು ತಿಂಡಿ ತಿಂದು ಬಂದಿದ್ದಳು. "ನಾಳೆ ಏನೂ ತಿನ್ನದೆ ಬಾ" ಎಂದೆ. ಮಾರನೆಯ ದಿನ ಅವಳು ಬರಲಿಲ್ಲ, ನಾನೂ ಮರೆತೆ. ಸಣಕಲು ಹೆಂಗಸು, ಚಿಕ್ಕ ವಯಸ್ಸು, ಅವಳಿಗೆಲ್ಲಿಯ ಸಕ್ಕರೆ ಎಂಬ ಉಡಾಫೆ. ಬೆರಳು ಚುಚ್ಚಿ ನೋಡುವ ಮೀಟರು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಕೈ ಚಾಚಿದ್ದರೆ ಸಾಕಿತ್ತು.

ಮೂರನೆಯ ಸಲ ಅವಳು ಬಂದದ್ದು ಒಂದು ಗುರುವಾರ ಬೆಳಗ್ಗೆ ಹತ್ತೂವರೆಗೆ. ಅವಳಿಗಿಂತ ಮೊದಲು ವಾಸನೆ ಬಂತು. ಒಲೆಯಲ್ಲಿ ಏನೋ ಕಮರಿದಂಥ, ಟಾರಿನಂಥ ಹೊಗೆ ವಾಸನೆ. ಗಂಡನ ಹೆಗಲು ಹಿಡಿದು, ಕಾಲು ಅಗಲಿಸಿ ನಡೆಯುತ್ತ ಬಂದಳು. ಕೂರು ಎಂದರೆ ಕೂರಲಿಲ್ಲ. "ಕೂರಕ್ಕಾಗಲ್ಲ ಮೇಡಂ" ಎಂದಳು, ಅಷ್ಟೇ. ತುಟಿ ಒಣಗಿ ಬಿರಿದಿತ್ತು. ಹಿಂದಿನ ಸಂಜೆಯಿಂದ ಮೂತ್ರ ಹೋಗಿರಲಿಲ್ಲ.

ಮಂಚದ ಮೇಲೆ ಮಲಗಿಸಿ ಬಟ್ಟೆ ಸರಿಸಿದ ಸಿಸ್ಟರ್ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಇಪ್ಪತ್ತು ವರ್ಷ ಹೆರಿಗೆ ನೋಡಿದ ಹೆಂಗಸು ಅವರು, ಅವರು ಹಿಂದೆ ಸರಿದದ್ದನ್ನು ನಾನು ಅವತ್ತೇ ಕಂಡದ್ದು. ಹೊರಗಿನ ಚರ್ಮ ಬೊಬ್ಬೆ ಎದ್ದಿತ್ತು. ಒಳಗೆ ಬೆಳ್ಳಗೆ ಬೆಂದು ಸುಲಿದಿತ್ತು, ನಡುನಡುವೆ ಕಂದು ಕಲೆ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ. ಆಸಿಡ್ಡು, ಯಾರೋ ಸುರಿದಿದ್ದಾರೆ. ಪರದೆ ಸರಿಸಿ ಹೊರಗೆ ಹೋದೆ, ಗಂಡನ ಕಾಲರಿಗೆ ಕೈ ಹಾಕುವುದೊಂದು ಬಾಕಿ.

"ಏನ್ ಸುರಿದೆಯೋ ಅವಳಿಗೆ?"

ಅವನು ಬೆಪ್ಪಾಗಿ ನಿಂತ. ಬೆಂಚಿನ ಮೇಲಿದ್ದ ಆರು ಜನ ಹೆಂಗಸರು ಅವನನ್ನು ನೋಡಿದರು. "ನಾನ್ಯಾಕ್ ಮೇಡಂ ಸುರೀಲಿ" ಎಂದು ತೊದಲಿದ. ಒಳಗಿನಿಂದ ಅವಳು ಕೂಗಿದಳು.

"ಅವ್ರನ್ನ ಬೈಬೇಡಿ ಮೇಡಂ. ನಾನೇ ಇಟ್ಕೊಂಡಿದ್ದು. ಕರಟದ ಎಣ್ಣೆ. ನೀವೇ ಹೇಳಿದ್ರಲ್ಲ, ಹುಳುಕಡ್ಡಿ ಜಾತಿ ಅಂತ."

ಗೊತ್ತಿಲ್ಲದವರಿಗೆ ಹೇಳಬೇಕು. ತೆಂಗಿನ ಕರಟಗಳನ್ನು ತಳದಲ್ಲಿ ತೂತಿರುವ ಮಡಕೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಗುಂಡಿಯಲ್ಲಿಟ್ಟ ಪಾತ್ರೆಯ ಮೇಲೆ ಕೂರಿಸಿ, ಸುತ್ತ ಬೆರಣಿ ಉರಿಸುತ್ತಾರೆ. ಕರಟ ಬೆವರಿದ ಹಾಗೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ತೋಳು, ಬೆನ್ನು, ಕತ್ತಿನ ಹುಳುಕಡ್ಡಿಗೆ ಒಂದು ಕಡ್ಡಿಯ ತುದಿಯಲ್ಲಿ ಮುಟ್ಟಿಸಿದರೆ ಚರ್ಮ ಸುಟ್ಟು ಸಿಪ್ಪೆಯೆದ್ದು ಹುಳುಕಡ್ಡಿ ಹೋಗುತ್ತದೆ ಎನ್ನುವುದು ತೆಂಗಿನ ಸೀಮೆಯ ಮನೆಮನೆಯ ಮಾತು. ಅದನ್ನು ಇವಳು ಹತ್ತಿಯಲ್ಲಿ ಅದ್ದಿ ಒಳಗಿಟ್ಟುಕೊಂಡಿದ್ದಳು.

ಸಿಸ್ಟರ್ ನನ್ನ ಮೊಳಕೈ ಮುಟ್ಟಿದ ಮೇಲೆ ಕೈಗೆ ಕೆಲಸ ನೆನಪಾಯಿತು. ಒಳಗೆ ನೋಡುವ ಉಪಕರಣ ಹಾಕುವುದು ಬೇಡ ಎಂದು ತೀರ್ಮಾನಿಸಿದೆ, ಹಾಕಿದ್ದರೆ ಉಳಿದದ್ದೂ ಸುಲಿದು ಬರುತ್ತಿತ್ತು. ಆ ಎಣ್ಣೆ ನೀರಿಗೆ ಬಿಡುವುದಿಲ್ಲ. ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಗಾಜ್ ಬಟ್ಟೆ ನೆನೆಸಿ ಮೆಲ್ಲಗೆ ಒತ್ತಿ ತೆಗೆದೆ. ಬಟ್ಟೆ ಕಂದಾಯಿತು, ಬದಲಿಸಿದೆ, ಮತ್ತೆ ಕಂದಾಯಿತು. ಒಂಬತ್ತನೆಯ ಬಟ್ಟೆ ಬಿಳಿಯಾಗಿ ಬಂತು. ಆಮೇಲೆ ಉಗುರು ಬೆಚ್ಚಗಿನ ಸಲೈನಿನಲ್ಲಿ ತೊಳೆದು, ಮರಗಟ್ಟಿಸುವ ಜೆಲ್ಲಿ ಹಚ್ಚಿ, ಮೂತ್ರಕ್ಕೆ ಟ್ಯೂಬು ಹಾಕಿದೆವು. ಚೀಲ ತುಂಬುತ್ತಲೇ ಇತ್ತು. ಟ್ಯೂಬಿನಲ್ಲಿ ಇಳಿಯುತ್ತಿದ್ದ ಅಷ್ಟು ನೀರನ್ನು ನೋಡಿದಾಗ ಆ ಎರಡು ಲೋಟ ನೆನಪಾಯಿತು. ಡ್ರಾಯರು ಎಳೆದು ಮೀಟರು ತೆಗೆದು ಬೆರಳು ಚುಚ್ಚಿದೆ.

ನಾನೂರ ಹನ್ನೆರಡು.

ಯಂತ್ರ ಕೆಟ್ಟಿದೆ ಎಂದುಕೊಂಡು ಬೇರೆ ಬೆರಳು ಚುಚ್ಚಿದೆ. ನಾನೂರ ಒಂಬತ್ತು. ಮೂತ್ರದಲ್ಲಿ ಕೀಟೋನ್ ಕೂಡ ಬಂತು, ಸಕ್ಕರೆ ಕೈಮೀರಿದ್ದರ ಗುರುತು. ಎಂದರೆ ಸುಟ್ಟ ಗಾಯ ಒಂದು ಕಡೆ, ಆ ಗಾಯಕ್ಕೆ ಕೀವಾಗಲು ಸಕ್ಕರೆ ಹಾಸಿಗೆ ಹಾಸಿ ಕಾಯುತ್ತಿದ್ದದ್ದು ಇನ್ನೊಂದು ಕಡೆ. ಇದು ನನ್ನ ಕ್ಲಿನಿಕ್ಕಿನಲ್ಲಿ ಮುಗಿಯುವ ಕೆಲಸವಲ್ಲ. ಸಲೈನ್ ಡ್ರಿಪ್ ಹಾಕಿ, ಬೆಂಚಿನವರಿಗೆ ಕೈಮುಗಿದು, ಆಂಬುಲೆನ್ಸಿನಲ್ಲಿ ಅವಳ ಜೊತೆ ನಾನೂ ತುಮಕೂರಿಗೆ ಹೊರಟೆ. ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ದೊಡ್ಡಾಸ್ಪತ್ರೆಗೆ ಪತ್ರ ಬರೆದೆ: ಮನೆಮದ್ದಿನ ಸ್ವಯಂಪ್ರಯೋಗದಿಂದ ಸುಟ್ಟಗಾಯ, ಹೊಸದಾಗಿ ಪತ್ತೆಯಾದ ಸಕ್ಕರೆ ಕಾಯಿಲೆ. ಓದಿ ನೋಡಿದೆ. ಒಂದಕ್ಷರವೂ ಸುಳ್ಳಿರಲಿಲ್ಲ.

ದಾರಿಯಲ್ಲಿ ಅವಳಿಂದ ಉಳಿದ ಕಥೆ ತಿಳಿಯಿತು. ಮೂರನೆಯ ಸಲ ನವೆ ಬಂದಾಗ ಮತ್ತೆ ನನ್ನ ಹತ್ತಿರ ಬರಲು ನಾಚಿಕೆ. ಕುಚ್ಚಿನ ಜೊತೆಗಾತಿಯರು ಮೊಸರಿನಲ್ಲಿ ಹತ್ತಿ ಅದ್ದಿಡು ಎಂದರು, ಬೆಳ್ಳುಳ್ಳಿ ಎಸಳು ಸುಲಿದಿಡು ಎಂದರು, ಬೇವಿನ ಕಷಾಯದಲ್ಲಿ ತೊಳೆ ಎಂದರು. ಎಲ್ಲವನ್ನೂ ಮಾಡಿ ಇನ್ನಷ್ಟು ಉರಿಯಾಯಿತು. ಅಷ್ಟರಲ್ಲಿ ನಾದಿನಿಯ ಸೀಮಂತ ಮುಗಿಸಿ ತವರು ಅಮೃತೂರಿಗೆ ಹೋದಾಗ ತಾಯಿಯ ಗೂಡಿನಲ್ಲಿ ಕರಟದ ಎಣ್ಣೆ ಕಂಡಿತು. ತಾಯಿ ಅದನ್ನು ವರ್ಷಕ್ಕೊಂದು ಸಲ ಇಳಿಸಿ, ಕೇಳಿದವರಿಗೆಲ್ಲ ಸುಮ್ಮನೆ ಕೊಡುತ್ತಾರೆ.

"ಎಲ್ಲಿಗೆ ಅಂತ ಕೇಳ್ಲಿಲ್ವೇನೇ ನಿಮ್ಮವ್ವ?"

"ಕೇಳ್ತು ಮೇಡಂ. ತೊಡೆ ಸಂದಿಗೆ ಅಂದೆ. ಅವ್ವನ ಹತ್ರ ಹೆಂಗೇಳದು?" ಸ್ವಲ್ಪ ಹೊತ್ತಿನ ಮೇಲೆ, "ಉಳ್ದಿದ್ನ ನಮ್ ಬೀದಿ ಅಕ್ಕಂಗೆ ಕೊಟ್ಟಿದೀನಿ. ಅವ್ರಿಗೂ ಇದೇ ನವೆ. ಡಾಕ್ಟ್ರು ಇಂಗಂದ್ರು ಅಂತ ನಾನೇ ಹೇಳ್ದೆ" ಎಂದಳು.

ಆಂಬುಲೆನ್ಸಿನಿಂದಲೇ ಸಿಸ್ಟರ್‌ಗೆ ಫೋನು ಮಾಡಿ ಆ ಮನೆಗೆ ಓಡಿಸಿದೆ. ಕಾಲು ಗಂಟೆಯಲ್ಲಿ ಉತ್ತರ ಬಂತು. ಆ ಹೆಂಗಸು ಇನ್ನೂ ಮುಟ್ಟಿರಲಿಲ್ಲ. ನಾಳೆ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಪೂಜೆ ಮುಗಿಸಿ, ಆಮೇಲೆ ಹಚ್ಚಿಕೊಳ್ಳೋಣವೆಂದು ಎತ್ತಿಟ್ಟಿದ್ದರಂತೆ. ನಾನು ದೇವರಿಗೆ ಅಷ್ಟಾಗಿ ಕೈಮುಗಿಯುವವಳಲ್ಲ. ಅವತ್ತು ಆ ಶುಕ್ರವಾರಕ್ಕೆ ಮುಗಿದೆ.

ಆಸ್ಪತ್ರೆಯಲ್ಲಿ ಅವಳನ್ನು ವಾರ್ಡಿಗೆ ಸೇರಿಸಿಕೊಂಡು ಇನ್ಸುಲಿನ್ ಹನಿ ಶುರು ಮಾಡಿದರು. ಡ್ಯೂಟಿ ಡಾಕ್ಟರು ನನ್ನ ಪತ್ರ ಓದಿ, "ಮತ್ತದೇ ಹಳ್ಳಿ ಮದ್ದು. ಇವರಿಗೆ ಯಾವಾಗ ಬುದ್ಧಿ ಬರುತ್ತೋ ಮೇಡಂ" ಎಂದರು. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ.

ಕಾರಿಡಾರಿಗೆ ಬಂದರೆ ಗಂಡ ಕಂಬಕ್ಕೆ ಒರಗಿ ಫೋನಿನಲ್ಲಿದ್ದ. ಬೆಳಗ್ಗೆ ನನ್ನೆದುರು ತೊದಲಿದವನು ಈಗ ಇಡೀ ಕಾರಿಡಾರಿಗೆ ಕೇಳುವಂತೆ ಕಿರುಚುತ್ತಿದ್ದ. "ನಿಮ್ ಮಗ್ಳಿಗೆ ನೀವೇ ಬೆಂಕಿ ಇಕ್ಕಿದ್ರಲ್ಲ ಅತ್ತೆ. ಇನ್ಮ್ಯಾಕೆ ಅವ್ಳು ನಿಮ್ ಹೊಸ್ಲು ತುಳಿಯಲ್ಲ. ನೀವೂ ಇತ್ಲಾಗ್ ಬರ್ಬೇಡಿ. ಡಾಕ್ಟ್ರು ಕಾಗ್ದದಲ್ಲಿ ಬರ್ದವ್ರೆ, ಮನೆಮದ್ದಿಂದ ಆಗಿದ್ದು ಅಂತ." ಫೋನಿನ ಸ್ಪೀಕರಿನಿಂದ ಮುದುಕಿಯೊಬ್ಬಳು ಉಸಿರೆಳೆದುಕೊಳ್ಳುವ ಸದ್ದು ನನಗೂ ಕೇಳಿಸಿತು.

ನಾನು ಸುಮ್ಮನೆ ಬಸ್ಸು ಹತ್ತಿ ಶೆಟ್ಟಿಹಳ್ಳಿಗೆ ಹೋಗಬಹುದಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಒಂದು ಪತ್ರದಲ್ಲಿ ನಾನು ಬರೆಯದೆ ಬಿಟ್ಟದ್ದಕ್ಕೆ ತಾಯಿ ಮಗಳು ಬೇರೆಯಾಗುತ್ತಿದ್ದರು. ಬೆಳಗ್ಗೆ ಇವನನ್ನು ಆರು ಜನರೆದುರು ಕೊಲೆಗಾರನನ್ನಾಗಿ ಮಾಡಿದ್ದೆ, ಈಗ ಆ ಮುದುಕಿಯ ಸರದಿ.

"ಆ ಫೋನು ಇಲ್ಲಿ ಕೊಡಪ್ಪ" ಎಂದೆ. ಕೊಟ್ಟ.

"ಅಮ್ಮ, ನಾನು ಗುಬ್ಬಿ ಡಾಕ್ಟರು. ಇದು ಹುಳುಕಡ್ಡಿ ಜಾತಿಯದ್ದೇ ಅಂತ ನಿಮ್ಮ ಮಗಳಿಗೆ ಹೇಳಿದವಳು ನಾನು. ಅವಳಿಗೆ ಸಕ್ಕರೆ ಕಾಯಿಲೆ ಇರೋದನ್ನು ಎರಡು ಸಲ ಬಂದರೂ ನೋಡದೆ ಬಿಟ್ಟವಳೂ ನಾನೇ. ತಪ್ಪು ನಿಮ್ಮದಲ್ಲ, ನನ್ನದು." ಗಂಡ ನನ್ನ ಮುಖವನ್ನೇ ನೋಡುತ್ತಿದ್ದ. ಬೆಳಗಿನದಕ್ಕೆ ಅವನಲ್ಲೂ ಕ್ಷಮೆ ಕೇಳಿದೆ. ಫೋನು ತೆಗೆದುಕೊಂಡು ದೂರ ಹೋಗಿ ನಿಂತ. ನಾನು ಒಳಗೆ ಹೋಗಿ ಪತ್ರ ವಾಪಸು ಕೇಳಿ, ರೋಗಿ ಈ ಎಣ್ಣೆ ಬಳಸಿದ್ದು ನಾನು ಕೊಟ್ಟ ತಪ್ಪು ಹೋಲಿಕೆಯಿಂದ ಎಂದು ಒಂದು ಸಾಲು ಸೇರಿಸಿ ಸಹಿ ಹಾಕಿದೆ. ಡ್ಯೂಟಿ ಡಾಕ್ಟರು ಓದಿ, "ಇದೆಲ್ಲ ಯಾಕೆ ಮೇಡಂ, ಬೇಕಿರಲಿಲ್ಲ" ಎಂದರು. ಬೇಕಿತ್ತು.

ಹನ್ನೊಂದು ದಿನ ಅವಳು ಅಲ್ಲಿದ್ದಳು. ಸುಟ್ಟ ಗೋಡೆಗಳು ಒಂದಕ್ಕೊಂದು ಅಂಟಿ ಬೆಳೆಯದಂತೆ ದಿನಾ ಜೆಲ್ಲಿ ಹಚ್ಚಿದ ಗಾಜ್ ಇಟ್ಟು ಬದಲಿಸಬೇಕಿತ್ತು. ಅವಳು ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿಯುತ್ತಿದ್ದಳು. ನಾನು ದಿನ ಬಿಟ್ಟು ದಿನ ಗುಬ್ಬಿಯಿಂದ ಬರುವಾಗ ಇಳಿದು ನೋಡಿ ಹೋಗುತ್ತಿದ್ದೆ. ಆರನೆಯ ದಿನ ಟ್ಯೂಬು ತೆಗೆದರು, ಮೂತ್ರ ತಾನಾಗಿ ಹೋಯಿತು. ಸಕ್ಕರೆ ಇಳಿಯಿತು. ಸಕ್ಕರೆ ಇಳಿದ ಮೇಲೆ ಫಂಗಸ್ಸಿಗೆ ಕೊಟ್ಟ ಗುಳಿಗೆ ಹಿಡಿಯಿತು. ಮೊದಲ ದಿನವೇ ಬೆರಳು ಚುಚ್ಚಿದ್ದರೆ ಇಷ್ಟೂ ತಪ್ಪುತ್ತಿತ್ತು.

ಅವಳು ಮನೆಗೆ ಹೋದ ಮುಂದಿನ ಭಾನುವಾರ ಬೀದಿಯ ಆ ಹೆಂಗಸಿನಿಂದ ಸಿಸ್ಟರ್ ಇಸಿದುಕೊಂಡು ಬಂದಿದ್ದ ಎಣ್ಣೆಯ ಸೀಸೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರಿಗೆ ಹೋದೆ. ಸೀಸೆ ಹಿಂತಿರುಗಿಸಬೇಕು, ಮುಖ ತೋರಿಸಬೇಕು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅಲ್ಲಿ ಯಾರಾದರೂ ಬೈದರೆ ಬೈಸಿಕೊಳ್ಳುವುದಕ್ಕೂ ತಯಾರಾಗಿದ್ದೆ.

ತಾಯಿ ಅಂಗಳದಲ್ಲಿ ಕರಟ ಒಟ್ಟುತ್ತಿದ್ದರು. ಒಳಗೆ ಕರೆದು ಚಾಪೆ ಹಾಕಿ ಎಳನೀರು ಕೊಟ್ಟರು. ಸೀಸೆಯನ್ನು ಕೈಗೆ ತೆಗೆದುಕೊಂಡು ಕುತ್ತಿಗೆಯ ಸುತ್ತ ಬೆರಳಾಡಿಸಿದರು.

"ದಾರ ಎಲ್ಲೈತೆ?"

"ಯಾವ ದಾರ?"

ಗೂಡಿನತ್ತ ಕೈ ತೋರಿಸಿದರು. ಅಲ್ಲಿ ಆರೇಳು ಸೀಸೆಗಳಿದ್ದವು. ಕೆಲವಕ್ಕೆ ಕುತ್ತಿಗೆಯಲ್ಲಿ ಕಪ್ಪು ದಾರ, ಕೆಲವಕ್ಕೆ ಇಲ್ಲ. "ಕರಿ ದಾರ ಕಟ್ಟಿದ್ದು ಮೈ ಮ್ಯಾಲಿಗೆ ಮಾತ್ರ ಕಣವ್ವ. ಕಣ್ಣಿಗೆ, ಬಾಯಿಗೆ, ಒಳ್ಗಡೀಕೆ ತಾಕುಸ್ಬಾರ್ದು. ನಮ್ಮತ್ತೆ ಕಾಲ್ದಿಂದ್ಲೂ ಇಂಗೇಯ. ಓದಕ್ ಬರ್ದೋರ್ಗೂ ಗೊತ್ತಾಗ್ಲಿ ಅಂತ. ನನ್ ಮಗ್ಳಿಗೆ ಇದು ತೊಟ್ಲಿಂದ ಗೊತ್ತು."

ನನ್ನ ಮಾತು ನಂಬಿ, ಗೊತ್ತಿದ್ದೂ ಬಿಚ್ಚಿದ್ದಳು. ನಾನು ಕೈಯಲ್ಲಿದ್ದ ಎಳನೀರನ್ನು ಕೆಳಗಿಟ್ಟೆ. ಬುದ್ಧಿಯಿಲ್ಲದ ಹಳ್ಳಿಯವರು ಏನೋ ಹಚ್ಚಿಕೊಂಡರು ಎಂಬ ಸಮಾಧಾನದ ಒಂದು ಚೂರು ನನ್ನೊಳಗೆ ಅಲ್ಲಿಯವರೆಗೂ ಉಳಿದಿತ್ತು. ಅದು ಅಲ್ಲಿಗೆ ಹೋಯಿತು. ಈ ಮನೆಯಲ್ಲಿ ನನ್ನ ಕ್ಲಿನಿಕ್ಕಿಗಿಂತ ಒಳ್ಳೆಯ ಕಟ್ಟುನಿಟ್ಟು ಇತ್ತು.

"ನೀವು ಅವ್ಳಿಗೆ ಏನಂದ್ರಿ? ಅಂಗೇ ನನ್ಗೂ ಹೇಳಿ" ಎಂದರು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಹೇಳಿದೆ. ಇದು ಫಂಗಸ್ಸು, ಹುಳುಕಡ್ಡಿ ಜಾತಿಯದ್ದೇ, ಜಾಗ ಬೇರೆ ಅಷ್ಟೇ.

"ಅಷ್ಟೇ ಅಂದ್ರಾ?"

"ಅಂದೆ."

"ಅಂಗಂದಿದ್ರೆ ನಾನೂ ಇದ್ನೇ ಹಚ್ಕಂತಿದ್ದೆ ಬುಡಿ."

ಗೂಡಿನ ಮೂಲೆಯಲ್ಲಿದ್ದ ದಾರದುಂಡೆಯಿಂದ ಒಂದು ಎಳೆ ಹರಿದು ಸೀಸೆಯ ಕುತ್ತಿಗೆಗೆ ಸುತ್ತುತ್ತ, "ಈಗ್ ಬಂದೋರ್ಗೆ ಹೆಂಗ್ ಹೇಳ್ತೀರ?" ಎಂದು ಕೇಳಿದರು. ನಾನು ಶುರು ಮಾಡಿದೆ. ಅಲ್ಲಿರುವುದು ಹೊರಗಿನ ಚರ್ಮದಂಥದ್ದಲ್ಲ, ಬಾಯೊಳಗಿನ ತೊಗಲಿನಷ್ಟು ಮೆತ್ತಗಿನದು ಎಂದೆ. ತಾಯಿ ತಡೆದರು.

"ಬಾಯಿಗೆ ಮೊಸ್ರು ಹಾಕಲ್ವಾ, ಬೆಳ್ಳುಳ್ಳಿ ಹಾಕಲ್ವಾ? ಅಂಗಾರೆ ಅಲ್ಲಿಗೂ ಇಕ್ಕಬೋದು ಅಂತಾರೆ."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮತ್ತೆ ಹೇಳಿದೆ. ಮೊಸರು ಊಟದಲ್ಲಿ ತಿನ್ನಿ, ಒಳಗಿಡಬೇಡಿ. ಬೇವಿನ ನೀರು, ಸೋಪು ಯಾವುದರಲ್ಲೂ ಒಳಗೆ ತೊಳೆಯಬೇಡಿ, ಆ ಜಾಗವನ್ನು ಕಾಯುವ ಒಳ್ಳೆಯ ಜೀವಾಣುಗಳೂ ಕೊಚ್ಚಿಹೋಗುತ್ತವೆ. ಹೊರಗಡೆ ಉರಿಯಿದ್ದರೆ ತಣ್ಣೀರ ಬಟ್ಟೆ ಒತ್ತಿ, ಅಷ್ಟು ಸಾಕು. ಒಳಬಟ್ಟೆ ಬಿಸಿಲಿಗೆ ಹಾಕಿ. ತಾಯಿ ಮತ್ತೆ ತಡೆದರು. "ಇಷ್ಟುದ್ದ ಯಾರ್ ನೆಪ್ಪಿಟ್ಕತಾರೆ? ಕಡೇ ಮಾತೊಂದೇ ಉಳಿಯಾದು. ಮದ್ಲು ಯಾವ್ದು ಬ್ಯಾಡ ಅದ್ನ ಹೇಳಿ."

ಮೂರನೆಯ ಸಲ, ಒಂದೊಂದೇ ಮಾತು ತೂಗಿ ಹೇಳಿದೆ.

"ಒಳಗೆ ಏನೂ ಇಡಬೇಡ. ನಾನು ಕೊಟ್ಟ ಮಾತ್ರೆ ಬಿಟ್ಟು ಬೇರೇನೂ ಬೇಡ. ಆರು ಅಂದರೆ ಆರೂ ಇಟ್ಟುಕೋ. ಮತ್ತೆ ಬಂದರೆ ನಾಚಿಕೊಳ್ಳದೆ ನನ್ನ ಹತ್ತಿರಕ್ಕೇ ಬಾ, ಸಕ್ಕರೆ ನೋಡಬೇಕು. ಈಗ ಬೆರಳು ಕೊಡು."

ತಾಯಿ ಈ ಸಲ ತಡೆಯಲಿಲ್ಲ. ದಾರದ ಗಂಟು ಬಿಗಿದು, ಹಲ್ಲಿನಲ್ಲಿ ತುದಿ ಕಡಿದು, ಸೀಸೆಯನ್ನು ಗೂಡಿಗೆ ಇಟ್ಟರು.

"ಹೂಂ" ಎಂದರು. "ಇಂಗಂದಿದ್ರೆ ನನ್ ಮಗ್ಳು ದಾರ ಬಿಚ್ತಿರ್ಲಿಲ್ಲ."